ಸೇರಿಸಿದ ಸಿಹಿ

ಥೋವಾ ಬೊಗಸೆಯಲ್ಲಿ ಕಾಲುವೆಯ ನೀರೆತ್ತಿ ಬಾಯಿಗೆ ಹಾಕಿಕೊಂಡಳು. ನುಂಗಲಿಲ್ಲ. ನಾಲಿಗೆಯ ತುದಿಯಿಂದ ಬುಡಕ್ಕೆ, ಬುಡದಿಂದ ಎರಡೂ ಕೆನ್ನೆಗಳಿಗೆ ಒಮ್ಮೆ ತಿರುಗಿಸಿ ಕಾಲುವೆಗೇ ಉಗಿದಳು.

"ನಾಲ್ಕು," ಎಂದಳು.

ದಂಡೆಯ ಮೇಲೆ ಪಂಪಿನ ಹಗ್ಗ ಎಳೆಯಲು ನಿಂತಿದ್ದ ಪಕ್ಕದ ಗದ್ದೆಯ ಲುವಮ್‌ನ ಕೈ ಅಲ್ಲೇ ನಿಂತಿತು. "ಏನ್ ನಾಲ್ಕು? ಈಗಿನ್ನೂ ಮೈಕಲ್ಲಿ ಒಂದು ಅಂದ್ರಲ್ಲ ಥೋವಕ್ಕ!"

"ಮೈಕಿಗೆ ನಾಲಿಗೆ ಇದ್ಯೇನಣ್ಣ? ಅದಕ್ಕಿರೋದು ಬಾಯಿ ಮಾತ್ರ."

ಆ ಕಾಲುವೆಯುದ್ದಕ್ಕೂ ನಲವತ್ತು ಪಂಪುಗಳಿದ್ದವು. ನಲವತ್ತೂ ಬೆಳಗಾದರೆ ಥೋವಾಳ ನಾಲಿಗೆಗೆ ಕಾಯುತ್ತಿದ್ದವು. ಅವಳಿಗಿಂತ ಮುಂಚೆ ಅವಳ ಅಪ್ಪನದು ಅದೇ ಕೆಲಸ. ನೀರಾವರಿ ಕಚೇರಿಯವರು ನೀರಿಗೆ ಅದ್ದಿ ನೋಡುವ ಯಂತ್ರ ತಂದರು, ಕಂಬದ ಮೈಕಿನಲ್ಲಿ ದಿನಾ ಐದು ಗಂಟೆಗೆ ಅಂಕಿ ಕೂಗಿಸಿದರು; ಜನ ಅದನ್ನೂ ಕೇಳಿಸಿಕೊಂಡು, ಆಮೇಲೆ ಥೋವಾಳ ಮುಖ ನೋಡಿ ಪಂಪು ಹಾಕುತ್ತಿದ್ದರು. ಲೀಟರಿಗೆ ಒಂದು ಗ್ರಾಂ ಉಪ್ಪಿದ್ದರೆ ಗದ್ದೆಗೆ ಬಿಡಬಹುದು. ಎರಡಾದರೆ ತಡೆದುಕೊಳ್ಳಬೇಕು. ನಾಲ್ಕು ಎಂದರೆ ಕೊಲೆ. ನಾಲಿಗೆ ಕೆಡಬಾರದೆಂದು ಬೆಳಿಗ್ಗೆ ನೀರು ನೋಡುವವರೆಗೆ ಅವಳು ಉಪ್ಪು ಹಾಕಿ ಹುಳಿಸಿದ ಮೀನಿನ ರಸ ಮುಟ್ಟುತ್ತಿರಲಿಲ್ಲ, ಹಲ್ಲಿಗೆ ಪೇಸ್ಟು ಹಾಕುತ್ತಿರಲಿಲ್ಲ. ಹದಿನೆಂಟು ವರ್ಷಗಳಿಂದ ಅವಳ ಮೊದಲ ತುತ್ತು ಸಪ್ಪೆ ಅನ್ನ.

ಭತ್ತದ ತೆನೆಗೆ ಹಾಲು ತುಂಬುತ್ತಿದ್ದ ವಾರ ಅದು. ಕಾಳನ್ನು ಹಿಚುಕಿದರೆ ಬಿಳಿ ಹನಿ ಜಿನುಗುತ್ತಿತ್ತು. ಇನ್ನು ಇಪ್ಪತ್ತು ದಿನ ಸಿಹಿನೀರು ಸಿಕ್ಕರೆ ಆ ಹಾಲು ಅಕ್ಕಿ. ಸಿಗದಿದ್ದರೆ ಜೊಳ್ಳು. ಅವಳ ಎಂಟು ತುಂಡು ಗದ್ದೆಯ ವರ್ಷವೆಲ್ಲ ಆ ಇಪ್ಪತ್ತು ದಿನದ ಮೇಲೆ ನಿಂತಿತ್ತು. ಇಪ್ಪತ್ತೇ ದಿನ.

ಉಪ್ಪು ಹಿಂದೆಯೂ ಬರುತ್ತಿತ್ತು. ಹೊಸವರ್ಷದ ಹಬ್ಬ ಕಳೆದು, ಕೊಯ್ಲು ಮುಗಿದು, ಗದ್ದೆ ಬರಿದಾದ ಮೇಲೆ ನೆಂಟನ ಹಾಗೆ ಬಂದು ಮೊದಲ ಮಳೆಗೆ ಎದ್ದು ಹೋಗುತ್ತಿತ್ತು. ಈಗ ಹಬ್ಬಕ್ಕೆ ಮುಂಚೆಯೇ ಬಂದು ಯಜಮಾನನ ಹಾಗೆ ಕೂರುತ್ತದೆ. ಮೇಲೆ, ಎಷ್ಟೋ ನಾಡುಗಳಾಚೆ, ನದಿಯನ್ನು ಕಟ್ಟಿ ಹಾಕಿದ್ದಾರೆ. ಮಳೆಗೆ ತಿಂಗಳ ಲೆಕ್ಕ ತಪ್ಪಿದೆ. ಕಡಲು ವರ್ಷ ವರ್ಷವೂ ಒಂದು ಮೆಟ್ಟಿಲು ಹತ್ತುತ್ತಿದೆ. ಇದು ಸಾಲದೆಂದು ನದಿಯ ತಳದ ಮರಳನ್ನು ಬಗೆದು ಪಟ್ಟಣಗಳಿಗೆ ಸಾಗಿಸುತ್ತಾರೆ. ತಳ ಆಳವಾದಷ್ಟೂ ಕಡಲಿಗೆ ದಾರಿ ಸಲೀಸು. ಥೋವಾಳ ಗಂಡ ಅಂಥದೊಂದು ಮರಳು ದೋಣಿಯಲ್ಲೇ ಕೂಲಿ. ಯಾರಾದರೂ ಚುಚ್ಚಿದರೆ ಅವಳು, "ಅವರು ತೋಡ್ತಾರೆ, ನಾನು ನೆಕ್ತೀನಿ. ಸಂಸಾರ ಅಂದ್ಮೇಲೆ ಹಂಚ್ಕೊಂಡು ಮಾಡ್ಬೇಕಲ್ಲ," ಎಂದುಬಿಡುತ್ತಿದ್ದಳು. ಆ ಬೆಳಿಗ್ಗೆ ಮಾತ್ರ ಅವಳಿಗೆ ತಮಾಷೆ ಬರಲಿಲ್ಲ.

"ತೂಬು ಎತ್ತಿದ್ದಾರೆ," ಎಂದಳು. "ದೋಣಿ ತೆಗಿ."

ಕಡಲ ಕಡೆಯ ದೊಡ್ಡ ಕಾಲುವೆಗೆ ಅಡ್ಡಲಾಗಿ ತೂಬು. ತೂಬು ದಾಟಿ ಒಳಗೆ ಬಂದ ನೀರು ಕವಲೊಡೆಯುತ್ತದೆ: ಎಡ ಕವಲು ಸೀಗಡಿ ಹೊಂಡಗಳಿಗೆ, ಬಲ ಕವಲು ಗದ್ದೆಗಳಿಗೆ. ಬಾಗಿಲು ಒಂದೇ. ಎತ್ತಿದರೆ ಇಬ್ಬರಿಗೂ ಉಪ್ಪು, ಇಳಿಸಿದರೆ ಇಬ್ಬರಿಗೂ ಇಲ್ಲ. ಬಲ ಕವಲಿಗೆ ಬೇರೆ ಬಾಗಿಲು ಕಟ್ಟಿಕೊಡುತ್ತೇವೆ ಎಂದು ಒಂಬತ್ತು ವರ್ಷದ ಕೆಳಗೆ ಬಂದವರು ನಾಲ್ಕು ಕಾಂಕ್ರೀಟ್ ಕಂಬ ನೆಟ್ಟು, ಕಂಬಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು. ಅಂದಿನಿಂದ ಆ ಕಂಬಗಳ ಮೇಲೆ ನೀರುಕಾಗೆಗಳು ಕೂತು ರೆಕ್ಕೆ ಒಣಗಿಸಿಕೊಳ್ಳುತ್ತವೆ.

ಹತ್ತು ದೋಣಿಗಳು ತೂಬಿಗೆ ಬಂದು ಮುಟ್ಟಿದಾಗ ಬಾಗಿಲು ಮೊಳದುದ್ದ ಮೇಲೆದ್ದಿತ್ತು. ಅದರಡಿಯಿಂದ ನೀರು ಸದ್ದಿಲ್ಲದೆ ನುಣ್ಣಗೆ ಒಳಗೆ ಜಾರುತ್ತಿತ್ತು. ಪಕ್ಕದಲ್ಲಿ ಸ್ಟೂಲಿನ ಮೇಲೆ ನೀರುಗಂಟಿ ಚಿನ್ ಮಾವ ಐಸು ಹಾಕಿದ ಕಾಫಿ ಹಿಡಿದು ಕೂತಿದ್ದ. ಅರವತ್ತು ದಾಟಿದ ಬಡಕಲು ಮುದುಕ.

"ಯಾರ್ ಮಾವ ಎತ್ತಿದ್ದು?"

"ನಾನೇ. ಕೈ ನಂದು, ಹುಕುಂ ನೀರಾವರಿಯವರ್ದು." ಅಂಗಿಯ ಜೇಬಿನಿಂದ ಕಾಗದ ತೆಗೆದ. "ವಾರಕ್ಕೆ ಮೂರು ದಿನ, ಉಬ್ಬರದ ಹೊತ್ತಲ್ಲಿ ಎರಡು ಗಂಟೆ. ಮೊಹರು ನೋಡು."

"ಮೈಕಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತೀರಿ ಅಂತ."

"ಹೇಳ್ದೇನೂ ಬಂದ್ವಲ್ಲ!" ಎಂದು ಲುವಮ್ ಕೂಗಿದ.

"ಅದನ್ನೂ ಹೇಳ್ದೆ ಅವರಿಗೆ. ಆಯಮ್ಮನ ನಾಲಿಗೆಗೆ ರಜೆ ಕೊಡೋಕಾಗಲ್ಲ ಅಂತ."

ಎಡದಂಡೆಯಲ್ಲಿ ಆಗಲೇ ಸೀಗಡಿಯವರು ನೆರೆದಿದ್ದರು. ಎಲ್ಲರ ಮುಂದೆ, ಚೌಕಳಿ ವಸ್ತ್ರವನ್ನು ತಲೆಗೆ ಬಿಗಿದು ನಿಂತಿದ್ದವಳು ಥೋವಾಳ ತಂಗಿ. ಮನೆಯ ಕೊನೆಯ ಕೂಸನ್ನು ಆ ಕಡೆ ಊತ್ ಎಂದೇ ಕರೆಯುವುದು. ಮೂವತ್ತಾರು ವರ್ಷವಾಗಿ, ಎಡದಂಡೆಗೆ ಸೊಸೆಯಾಗಿ ಹೋಗಿ, ಎರಡು ಮಕ್ಕಳಾದರೂ ಅವಳು ಊತ್.

"ಅಕ್ಕಾ, ಬಾಗಿಲು ಮುಟ್ಬೇಡ!" ಎಂದು ಆಚೆಯಿಂದ ಅರಚಿದಳು. "ಬಿಸಿಲಿಗೆ ನಮ್ಮ ಹೊಂಡ ಕುದೀತಾ ಇದೆ. ಹೊಸ ಉಪ್ಪುನೀರು ಬರ್ಲಿಲ್ಲ ಅಂದ್ರೆ ಸೀಗಡಿ ಕೆಂಪಗೆ ಬೆಂದು ತೇಲ್ತಾವೆ. ಒಲೆಗೂ ಕೆಲ್ಸ ಇರಲ್ಲ!"

"ನನ್ನ ಭತ್ತ ಸಾಯ್ತದೆ ಊತ್! ಇಪ್ಪತ್ತು ದಿನ ತಡಿಯೋಕಾಗಲ್ವಾ ನಿಂಗೆ?"

"ಇಪ್ಪತ್ತು ದಿನ ನಿನ್ನ ಬಿಸಿಲಲ್ಲಿ ಕೂಡಿಹಾಕ್ತೀನಿ, ತಡೀತೀಯಾ?" ಊತ್‌ಳ ಕುತ್ತಿಗೆಯ ನರ ಉಬ್ಬಿತ್ತು. "ನಮ್ದೂ ಭತ್ತಾನೇ ಇತ್ತಲ್ಲ ಅಕ್ಕ. ಈ ಕಡೆ ತಗ್ಗು ಅಂತ ಉಪ್ಪು ಮೊದಲು ನಮಗೇ ಬಂತು. ಆವಾಗ ನಿನ್ನ ನಾಲಿಗೆ ಎಲ್ಲಿತ್ತು? ನಿನ್ನ ದಂಡೇಲಿ ನೆಕ್ಕಿ ನೋಡಿ, ಒಂದೇ ಇದೆ, ಏನೂ ಆಗಲ್ಲ ಅಂದೆ. ಈ ಕಡೆ ಬಂದು ನೋಡಿದ್ಯಾ?"

ಥೋವಾ ಆ ಕಡೆ ಹೋಗಿರಲಿಲ್ಲ. ನೋಡಿರಲಿಲ್ಲ. ಅವರ ಭತ್ತ ಹೋದ ಮೇಲಿನ ಒಂಬತ್ತು ವರ್ಷದಲ್ಲಿ ತಂಗಿ ಇದನ್ನು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ; ಹಬ್ಬಕ್ಕೆ ಬಂದು ಅಂಟಕ್ಕಿಯ ಕಡುಬು ತಿಂದು ಹೋಗುತ್ತಿದ್ದಳು. ಆಡದೆ ಇಟ್ಟುಕೊಂಡದ್ದನ್ನು ಇವತ್ತು ನೂರು ಜನರ ಮುಂದೆ ಆಡಿದ್ದಳು. ಥೋವಾಳ ನಾಚಿಕೆ ಕ್ಷಣದಲ್ಲೇ ಸಿಟ್ಟಾಗಿ ತಿರುಗಿತು.

ಮನೆಗೆ ಬಂದವಳೇ ಪೆಟ್ಟಿಗೆಯಿಂದ ಬಿಳಿ ಹಾಸಿಗೆ ಬಟ್ಟೆ ಎಳೆದಳು, ದೋಣಿಗೆ ಬಳಿಯುವ ಕಪ್ಪು ಬಣ್ಣದ ಡಬ್ಬಿ ತೆಗೆದಳು. ನೆಲದ ಮೇಲೆ ಹಾಸಿ ಎರಡೇ ಪದ ಬರೆದಳು. ಮೊದಲು 'ಹಿಂದಿರುಗಿಸಿ', ಅದರ ಮುಂದೆ 'ನುವಕ್'. ನುವಕ್ ಎಂದರೆ ನೀರು. ಯೋಚಿಸಿ ಬರೆದದ್ದಲ್ಲ, ಯೋಚಿಸುವಷ್ಟು ಹೊತ್ತು ಅವಳಲ್ಲಿರಲಿಲ್ಲ, ಉಬ್ಬರ ಇನ್ನೂ ಏರುತ್ತಿತ್ತು.

ಬಟ್ಟೆಯನ್ನು ತೂಬಿನ ಕಂಬಿಗೆ ಕಟ್ಟುತ್ತಿರುವಾಗ ಬಲದಂಡೆಯ ಗಂಡಸರು ಚಿನ್ ಮಾವನನ್ನು ಪಕ್ಕಕ್ಕೆ ತಳ್ಳಿ ಬಾಗಿಲಿಳಿಸುವ ಚಕ್ರಕ್ಕೆ ಕೈ ಹಾಕಿದರು.

"ಅಯ್ಯೋ, ಹಾಗಲ್ಲ! ಮೊದಲು ಕೊಂಡಿ ಬಿಡ್ಸಿ! ಚಕ್ರದ ಹಲ್ಲು ಮುರೀತದೆ!" ಎಂದು ಮುದುಕ ಬಾಯಿ ಬಡಿದುಕೊಂಡ. ಹಲ್ಲು ಮುರಿಯಿತು. ಬಾಗಿಲು ಧಡಾರೆಂದು ಬಿದ್ದು ಕೂತಿತು. ಬಲದಂಡೆಯವರು ಕೇಕೆ ಹಾಕಿದರು, ಎಡದಂಡೆಯವರು ತೂಬಿನ ಮೇಲೆ ಓಡಿ ಬಂದರು. ಮೊದಲು ಬೈಗುಳ, ಆಮೇಲೆ ಕೆಸರಿನ ಮುದ್ದೆ, ಆಮೇಲೆ ದೋಣಿಯ ಜಲ್ಲೆ. ನಡುವೆ ಚಿನ್ ಮಾವ ಎರಡೂ ಕೈ ಚಾಚಿ ನಿಂತಿದ್ದ. ಅವನ ಹಣೆಗೆ ಒಂದು ಕಲ್ಲು ಬಡಿಯಿತು. ಸ್ಟೂಲಿನ ಮೇಲೆ ಕೂರಲು ಹೋದವನು ಸ್ಟೂಲು ಸಿಗದೆ ನೆಲಕ್ಕೆ ಕೂತ. ರಕ್ತ ಕಣ್ಣಿಗಿಳಿಯಿತು.

ಕಲ್ಲು ಆ ಕಡೆಯಿಂದ ಬಂತು ಎಂದು ಬಲದಂಡೆಯವರು ಇವತ್ತಿಗೂ ಆಣೆ ಮಾಡುತ್ತಾರೆ. ಎಡದಂಡೆಯವರೂ ಅದೇ ಆಣೆ ಮಾಡುತ್ತಾರೆ.

ಮುದುಕನನ್ನು ಯಾರದೋ ದೋಣಿಯಲ್ಲಿ ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದರು. ಬಂದವರು ನೆಲದ ಮೇಲಿನ ರಕ್ತ ನೋಡಲಿಲ್ಲ, ಹಲ್ಲು ಮುರಿದ ಚಕ್ರ ನೋಡಲಿಲ್ಲ, ನೀರನ್ನಂತೂ ನೋಡಲೇ ಇಲ್ಲ. ಕಂಬಿಗೆ ಕಟ್ಟಿದ ಹಾಸಿಗೆ ಬಟ್ಟೆಯ ಮುಂದೆ ಸಾಲಾಗಿ ನಿಂತರು.

"ಇದನ್ನ ಬರೆದವರು ಯಾರು?"

ಆ ಭಾಷೆಯಲ್ಲಿ ನೀರಿಗೂ ನಾಡಿಗೂ ಒಂದೇ ಮಾತು. ಕುಡಿಯುವುದೂ ನುವಕ್, ದೇಶವೂ ನುವಕ್. ಹೆರಿಗೆಯಾದವಳು ಕೇಳುವುದೂ ಅದೇ, ಸಿಪಾಯಿ ಸಾಯುವುದೂ ಅದಕ್ಕೇ. ಜೊತೆಯ ಮಾತಿನಿಂದ ಯಾವುದೆಂದು ಗೊತ್ತಾಗುತ್ತದೆ. ಥೋವಾ ಜೊತೆಯ ಮಾತು ಬರೆದಿರಲಿಲ್ಲ. ಕಾಲುವೆಯ ಮೇಲೆ ಕಟ್ಟಿದಾಗ ಅದು ನೀರನ್ನು ಹಿಂದಿರುಗಿಸಿ ಎಂಬ ಬೇಡಿಕೆಯಾಗಿತ್ತು. ಯಾರದೋ ಫೋನಿನಲ್ಲಿ ಸೆರೆಯಾಗಿ, ಕಾಲುವೆಯೇ ಕಾಣದ ಫೋಟೋ ಆಗಿ, ಗಂಟೆಯೊಳಗೆ ಪಟ್ಟಣ ಸೇರಿದಾಗ ಅದು ನಾಡನ್ನು ಹಿಂದಿರುಗಿಸಿ ಎಂದಾಗಿತ್ತು.

ಪೊಲೀಸ್ ಕಚೇರಿಯಲ್ಲಿ ಅವಳನ್ನು ಕೂರಿಸಿದವನು ಖಾಂಗ್ ಎಂಬ ಅಧಿಕಾರಿ. ಥೋವಾಳಿಗಿಂತ ಚಿಕ್ಕವನು, ಇಸ್ತ್ರಿ ಮಾಡಿದ ಅಂಗಿ. ಮೇಜಿನ ಮೇಲೆ ಹಾಸಿಗೆ ಬಟ್ಟೆ ಮಡಿಸಿಟ್ಟಿತ್ತು.

"ಯಾವ ನುವಕ್ ಅಕ್ಕಾವ್ರೆ?"

"ಕಾಲುವೇದು."

"ಕಾಲುವೇದು ಅಂತ ಬರೆದಿಲ್ವಲ್ಲ."

"ಕಾಲುವೆ ಮೇಲೇ ಕಟ್ಟಿದ್ದೆನಲ್ಲ ಸಾಹೇಬ್ರೆ. ಕುರಿ ಮೇಲೆ ಕುರಿ ಅಂತ ಬರೀತಾರಾ?"

"ಹಿಂದಿರುಗಿಸಿ ಅಂದ್ರೆ ಯಾರೋ ತಗೊಂಡಿದ್ದಾರೆ ಅಂತಾಯ್ತು. ಯಾರು ತಗೊಂಡಿದ್ದಾರೆ?"

"ಅದನ್ನೇ ನಾನೂ ಕೇಳ್ತಿರೋದು."

ಖಾಂಗ್ ಪೆನ್ನು ಕೆಳಗಿಟ್ಟ. ಅವನ ಫೋನು ಗುಂಯ್‌ಗುಟ್ಟಿತು. ತೆಗೆದವನು ಎದ್ದು ನಿಂತು ಮಾತಾಡಿದ, ಕೂತಾಗ ಕಂಕುಳು ಒದ್ದೆಯಾಗಿತ್ತು. ಅವನಿಗೆ ತನ್ನ ಮೇಲೆ ಸಿಟ್ಟಿಲ್ಲ, ಹೆದರಿಕೆ ಅಷ್ಟೆ ಎಂದು ಥೋವಾಳಿಗೆ ತಿಳಿಯಿತು. ಅದು ತಿಳಿದು ಅವಳ ಸಿಟ್ಟು ಹೆಚ್ಚಿತು. ನಾಲ್ಕು ಗ್ರಾಂ ಉಪ್ಪಿಗೆ ಹೆದರದವರು, ಒಡೆದ ಹಣೆಗೆ ಹೆದರದವರು, ಒಂದು ಮಾತಿಗೆ ಬೆವರುತ್ತಿದ್ದರು.

ಎರಡು ದಿನ ಅವಳು ಆ ಕಚೇರಿಯ ಹಿಂದಿನ ಕೋಣೆಯಲ್ಲಿದ್ದಳು. ಹೊಡೆಯಲಿಲ್ಲ, ಬಯ್ಯಲಿಲ್ಲ, ಹೊತ್ತಿಗೆ ಅನ್ನ ಮೀನು ಕೊಟ್ಟರು, ಬಾಟಲಿ ನೀರು ಕೊಟ್ಟರು. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಗದ್ದೆ ಅಲ್ಲಿ ಒಣಗುತ್ತಿತ್ತು. ತೆನೆಯ ಹಾಲು ಯಾರಿಗೂ ಕಾಯುವ ಹಾಲಲ್ಲ. ಎರಡನೆಯ ದಿನ ಮಧ್ಯಾಹ್ನ ಖಾಂಗ್ ಬಟ್ಟೆಯನ್ನು ಮೇಜಿನ ಮೇಲೆ ಬಿಡಿಸಿ, ಪಕ್ಕದಲ್ಲಿ ಕಪ್ಪು ಬಣ್ಣದ ಡಬ್ಬಿ, ಕುಂಚ ಇಟ್ಟು, ಕೊನೆಯಲ್ಲಿ ಖಾಲಿ ಉಳಿದಿದ್ದ ಜಾಗ ತೋರಿಸಿದ. ಆ ಭಾಷೆಯಲ್ಲಿ ಎಂಥ ನೀರು ಎಂಬುದು ನೀರಾದ ಮೇಲೆಯೇ ಬರುವುದು. ಜಾಗ ಇದ್ದದ್ದೂ ಸರಿಯಾಗಿ ಅಲ್ಲೇ.

"ಒಂದೇ ಒಂದು ಮಾತು ಸೇರಿಸಿ ಅಕ್ಕಾವ್ರೆ. 'ಸಿಹಿ' ಅಂತ. ಫೋಟೋ ತೆಗೆದು ಮೇಲಕ್ಕೆ ಕಳಿಸ್ತೀನಿ. ನೀವೂ ಮನೆಗೆ, ನಾನೂ ಮನೆಗೆ."

"ಸಿಹಿನೀರು ಹಿಂದಿರುಗಿಸಿ ಅಂದ್ರೆ ಜನ ಬಾಟಲಿ ಸೋಡಾ ಅಂದ್ಕೋತಾರೆ. ಅಂಗಡೀಲಿ ಅದನ್ನೂ ಸಿಹಿನೀರು ಅಂತಲೇ ಅಲ್ವಾ ಕೇಳೋದು."

ಮೂಲೆಯ ಗುಮಾಸ್ತ ಕಿಸಕ್ಕೆಂದ. ಖಾಂಗ್ ನಗಲಿಲ್ಲ. "ಅಂದ್ಕೊಳ್ಳಲಿ. ನಗೋ ಜನ ಗಲಾಟೆ ಮಾಡಲ್ಲ."

"ಸೇರಿಸಿದ್ರೆ ಇಪ್ಪತ್ತು ದಿನ ಬಾಗಿಲು ಮುಚ್ಚಿಡಿಸ್ತೀರಾ?"

"ಬಾಗಿಲು ನೀರಾವರಿಯವರ್ದು. ನಂದು ಮಾತು ಮಾತ್ರ."

ಮಾತು ಮಾತ್ರ! ಅವಳಿಗೆ ಆ ಬಣ್ಣದ ಡಬ್ಬಿಯನ್ನು ಇಸ್ತ್ರಿ ಅಂಗಿಯ ಮೇಲೆ ಬೋರಲು ಹಾಕಬೇಕೆನಿಸಿತು. ಹಾಕಲಿಲ್ಲ. ಎಂಟು ತುಂಡು ಗದ್ದೆ ಕಣ್ಣ ಮುಂದೆ ಬಂತು. ತಾನು ಮೊದಲಿಂದ ಕೇಳಿದ್ದೂ ಸಿಹಿನೀರೇ ಅಲ್ಲವೇ, ಸುಳ್ಳೇನೂ ಅಲ್ಲವಲ್ಲ ಎಂದುಕೊಂಡಳು. ಕುಂಚ ಅದ್ದಿ ಬರೆದಳು. ಜಾಗ ಕಿರಿದು, ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡು ಕೂತವು.

ಫೋಟೋ ಆಯಿತು. ಖಾಂಗ್ ಬಟ್ಟೆ ಮಡಿಸುತ್ತ, "ಇದನ್ನ ಮತ್ತೆ ತೂಬಿಗೆ ಕಟ್ಟಿಸ್ತೀನಿ. ತಿದ್ದಿದ್ದು ಎಲ್ಲರಿಗೂ ಕಾಣ್ಬೇಕು," ಎಂದ.

ಥೋವಾ ಬಟ್ಟೆಯ ತುದಿ ಹಿಡಿದುಕೊಂಡಳು. "ಬೇಡಿ ಸಾಹೇಬ್ರೆ. ಅಲ್ಲಿ ಎಡದಂಡೆಯವರೂ ಓದ್ತಾರೆ."

"ಓದಲಿ ಅಂತಲೇ ಕಟ್ಸೋದು."

"ನಿಮಗೆ ಅರ್ಥ ಆಗ್ತಿಲ್ಲ. ಬರೀ ನುವಕ್ ಅಂದಾಗ ಅವರ ಉಪ್ಪುನೀರೂ ಅದ್ರಲ್ಲಿತ್ತು. ಸಿಹಿ ಅಂತ ನೀವೇ ತೂಬಿಗೆ ಕಟ್ಟಿದ್ರೆ, ಬಾಗಿಲು ನಮ್ಮ ಕಡೆಗಾಯ್ತು ಅಂತ ಓದ್ಕೋತಾರೆ. ಚಿನ್ ಮಾವ ಆಸ್ಪತ್ರೇಲಿ. ಚಕ್ರ ಮುರಿದಿದೆ. ಬಾಗಿಲನ್ನ ಬೆರಳಗಲ ಎತ್ತಿ ಸಮಾಧಾನ ಮಾಡೋರೂ ಅಲ್ಲಿಲ್ಲ."

"ಅದೆಲ್ಲ ನೀರಾವರಿಯವರ್ದು," ಎಂದ ಖಾಂಗ್ ಮತ್ತೆ.

ಮರುದಿನ ಉಬ್ಬರದ ಹೊತ್ತಿಗೆ, ಹಗಲು ಮೂರು ಗಂಟೆಗೆ, ಅವಳು ಗದ್ದೆಯ ಬದುವಿನಲ್ಲಿದ್ದಳು. ಕಾಲುವೆಯ ಉಪ್ಪು ಎರಡೂವರೆ ಗ್ರಾಂಗೆ ಇಳಿದಿತ್ತು. ಇನ್ನೊಂದು ದಿನ ತಡೆದರೆ ಪಂಪು ಹಾಕಬಹುದಿತ್ತು. ತೆನೆ ಹಿಚುಕಿ ನೋಡಿದಳು. ಹಾಲಿತ್ತು. ಅಷ್ಟರಲ್ಲಿ ತೂಬಿನ ಕಡೆಯಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಕೇಳಿತು. ಒಂದು ಏಟು, ಇನ್ನೊಂದು, ಹತ್ತಾರು. ಎಡದಂಡೆಯವರು ಹೊಂಡ ತೋಡುವ ಯಂತ್ರ ತಂದಿದ್ದರು. ಎತ್ತಲು ಚಕ್ರವಿಲ್ಲ, ಎತ್ತಬಲ್ಲವನಿಲ್ಲ, ಒಡೆಯುವುದೊಂದೇ ಉಳಿದಿತ್ತು.

ಎರಡು ಗಂಟೆಯ ನೀರು ಬೇಕಿದ್ದವರಿಗೆ ಕಡಲೇ ಬಂತು. ಮೂರು ದಿನ ಮುಚ್ಚಿದ ಬಾಗಿಲ ಹಿಂದೆ ಒತ್ತಿ ನಿಂತಿದ್ದ ಹುಣ್ಣಿಮೆಯ ಉಬ್ಬರ ಅದು. ಬಲ ಕವಲಿನಲ್ಲಿ ದೋಣಿಗಳು ಕಿತ್ತು ತೇಲಿದವು. ನಲವತ್ತು ಪಂಪುಗಳಲ್ಲಿ ಹದಿನೇಳು ಮುಳುಗಿದವು. ನೀರು ಬದು ಹತ್ತಿ, ಬದು ಇಳಿದು, ಹಾಲು ತುಂಬಿದ ಭತ್ತದ ನಡುವೆ ಆರಾಮಾಗಿ ಹರಡಿಕೊಂಡಿತು. ಥೋವಾ ಮೊಣಕಾಲ ನೀರಿನಲ್ಲಿ ನಿಂತಿದ್ದಳು. ಬಾಯಿಗೆ ಹಾಕಿ ನೋಡುವ ಅಗತ್ಯವಿರಲಿಲ್ಲ. ಪಾದದ ಬಿರುಕುಗಳು ಉರಿದೇ ಹೇಳಿದವು.

ಆಮೇಲೆ ಅವಳ ಮೀನಖಂಡಕ್ಕೆ ಏನೋ ಬಡಿಯಿತು. ಬಗ್ಗಿ ನೋಡಿದಳು. ಸೀಗಡಿ. ಬೆರಳುದ್ದದ್ದು, ಇನ್ನೂ ಬಲಿಯದ್ದು. ಒಂದಲ್ಲ, ನೂರಾರು, ತೆನೆಗಳ ನಡುವೆ ಟಪಟಪನೆ ಹಾರುತ್ತಿದ್ದವು. ಎಡ ಕವಲಿನ ಹೊಂಡಗಳ ಏರಿಗಳೂ ಒಡೆದಿದ್ದವು.

ಬೆಳಿಗ್ಗೆ ಐದಕ್ಕೆ ಮೈಕು ಎಂದಿನಂತೆ ಮೊದಲು ಹಾಡು ಹಾಕಿ, ಆಮೇಲೆ ಹೇಳಿತು: "ಕಾಲುವೆಯ ಉಪ್ಪು ಲೀಟರಿಗೆ ಒಂದು ಗ್ರಾಂ. ರೈತ ಬಾಂಧವರು ನಿಶ್ಚಿಂತೆಯಿಂದ ನೀರು ಹಾಯಿಸಬಹುದು."

ಥೋವಾ ಅನ್ನಕ್ಕೆ ಮೀನಿನ ರಸ ಸುರಿದುಕೊಂಡಳು. ನೀರು ನೋಡುವ ಮುಂಚೆ ಹಾಗೆ ಉಣ್ಣುವುದು ಹದಿನೆಂಟು ವರ್ಷಗಳಲ್ಲಿ ಮೊದಲ ಸಲ. ಬಟ್ಟಲು ಖಾಲಿ ಮಾಡಿ, ಕುಡುಗೋಲು ತೆಗೆದುಕೊಂಡು ತೂಬಿನ ಕಡೆ ನಡೆದಳು.

ಬಾಗಿಲ ತಗಡು ಅಡ್ಡಡ್ಡ ಸೀಳಿ ನೀರಿನಲ್ಲಿ ಬಿದ್ದಿತ್ತು. ಕಂಬಿಯ ಮೇಲೆ ಹಾಸಿಗೆ ಬಟ್ಟೆ ಮಾತ್ರ ಸರಿಯಾಗಿ, ಕಚೇರಿಯವರು ಕಟ್ಟಿದ ಹಾಗೆಯೇ ಇತ್ತು. ಅದರ ಕೆಳಗೆ ಊತ್ ಕೂತಿದ್ದಳು. ಕುತ್ತಿಗೆಯವರೆಗೆ ಕೆಸರು ಒಣಗಿತ್ತು.

"ನಗು ಬೇಕಾದ್ರೆ," ಎಂದಳು. "ನನ್ನ ಹೊಂಡ ನಾಲ್ಕೂ ಹೋಯ್ತು. ಬಾಗಿಲು ಒಡೆದಿದ್ದು ನನ್ನ ಗಂಡನೇ."

"ನನ್ನ ಗದ್ದೇಲಿವೆ ನಿನ್ನ ಸೀಗಡಿ. ಬೇಕಾದ್ರೆ ಬಂದು ಆರಿಸ್ಕೋ."

"ಸಾಯ್ತಾವೆ, ಅಲ್ಲಿ ನೀನು ಹೊಡೆದ ಔಷಧ ಇದೆ."

"ಹ್ಞೂಂ. ಎಲ್ಲಾ ಒಟ್ಟಿಗೆ ಸಾಯ್ತವೆ."

ಊತ್ ತಲೆಯೆತ್ತಿ ಬಟ್ಟೆ ನೋಡಿದಳು. "ಸಿಹಿ ಅಂತ ಬರೆದ್ಯಲ್ಲ ಅಕ್ಕ. ನಿನ್ನ ಕೈಯಕ್ಷರ ನಂಗೆ ಗೊತ್ತಾಗಲ್ವಾ? ನಮ್ಮೋರು ನಿನ್ನೆ ಇದನ್ನ ಓದಿಯೇ ಯಂತ್ರ ತರೋಕೆ ಹೋಗಿದ್ದು."

"ಬರೆದೆ." ನೆಪ ಹೇಳಲು ಅವಳಲ್ಲಿ ಬೇಕಾದಷ್ಟಿತ್ತು, ಒಂದನ್ನೂ ಹೇಳಲಿಲ್ಲ. "ಅವತ್ತು ನಿನ್ನ ದಂಡೆಗೂ ಬಂದು ನೀರು ನೋಡ್ಬೇಕಿತ್ತು. ನೋಡ್ಲಿಲ್ಲ. ಈಗ ಇದನ್ನೂ ಬರೆದೆ."

ಕುಡುಗೋಲಿನಿಂದ ಗಂಟು ಕತ್ತರಿಸಿ ಬಟ್ಟೆ ಇಳಿಸಿದಳು. 'ನುವಕ್' ಮುಗಿದು 'ಸಿಹಿ' ಹತ್ತುವ ಕಡೆ ಅಂಚಿಗೆ ಕುಡುಗೋಲು ತಾಗಿಸಿ ಎಳೆದಳು. ಬಣ್ಣ ಕಟ್ಟಿದ ಬಟ್ಟೆ ಸುಲಭಕ್ಕೆ ಹರಿಯಲಿಲ್ಲ. ಊತ್ ಎದ್ದು ಬಂದು ಇನ್ನೊಂದು ಅಂಚು ಹಿಡಿದು ಜಗ್ಗಿದಳು. ಪರ್ರೆಂದು ಹರಿಯಿತು. ತುಂಡನ್ನು ಥೋವಾ ನೀರಿಗೆಸೆದಳು. ಅದು ತಗಡಿಗೆ ಸಿಕ್ಕಿಕೊಂಡು ಅಲ್ಲೇ ಒದ್ದಾಡಿತು.

ಉಳಿದದ್ದನ್ನು ದೋಣಿಗೆ ಹಾಕಿಕೊಂಡು ಇಬ್ಬರೂ ಬಲ ಕವಲಿನ ಬಾಯಿಗೆ ಜಲ್ಲೆ ಹಾಕಿದರು. ಅಲ್ಲಿ ಬಾರದ ಬಾಗಿಲಿನ ನಾಲ್ಕು ಕಂಬಗಳಿದ್ದವು. ಊತ್ ಜಲ್ಲೆ ಬೀಸಿ ನೀರುಕಾಗೆಗಳನ್ನು ಓಡಿಸಿದಳು. ಒಂಬತ್ತು ವರ್ಷದ ಹಿಕ್ಕೆ ಕಂಬಗಳ ಮೇಲೆ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಬಟ್ಟೆಯ ಒಂದು ತುದಿಯನ್ನು ಥೋವಾ ಮೊದಲ ಕಂಬಕ್ಕೆ ಕಟ್ಟಿದಳು, ಇನ್ನೊಂದು ತುದಿ ಹಿಡಿದು ಊತ್ ದೋಣಿಯನ್ನು ಎರಡನೆಯ ಕಂಬಕ್ಕೆ ಒತ್ತಿದಳು.

ದಂಡೆಯ ಮೇಲೆ ದೂರದಿಂದ ಎರಡು ಮೋಟಾರು ಸೈಕಲ್ಲುಗಳ ಸದ್ದು ಬರುತ್ತಿತ್ತು. ಮುಂದಿನದರ ಮೇಲೆ ಇಸ್ತ್ರಿ ಅಂಗಿ ಕಂಡಿತು.

"ಬಂದ್ರು ಅಕ್ಕ. ಯಾವ ನುವಕ್ ಅಂತ ಕೇಳ್ತಾರೆ."

"ಕೇಳಲಿ. ಈ ಸಲ ನನ್ನ ಹತ್ರ ಉತ್ತರ ಇದೆ: ನಿಂದೂ ನಂದೂ ಎರಡೂ, ಈ ಕಂಬಕ್ಕೆ ಬಾಗಿಲೂ." ಥೋವಾ ಹಲ್ಲಿನಿಂದ ಹಗ್ಗ ಕಚ್ಚಿ ಎಳೆದಳು. ಬಾಯಿತುಂಬ ಇನ್ನೂ ಮೀನಿನ ರಸದ ಉಪ್ಪು. "ನೀನು ಆ ಕಡೆ ಗಂಟು ಬಿಗಿ. ಎರಡು ಸುತ್ತು ಹಾಕು."